ಜಾನ್ ಬೋನಮ್: ತಾಳ ನಿಂತರೂ ನಿಲ್ಲದ ನಾದ

ರಾಕ್ ಸಂಗೀತ ತಂಡಗಳಲ್ಲಿ ಗಾಯಕನಿಗೂ ಗಿಟಾರ್ ವಾದಕನಿಗೂ ದೊರೆಯುವ ಮನ್ನಣೆ, ಹಿಂದೆ ಕುಳಿತು ಡ್ರಮ್ಸ್ ನುಡಿಸುವವನಿಗೆ ದೊರೆಯುವುದು ಅಪರೂಪ. ಇದಕ್ಕೆ ಅಪವಾದವೆನಿಸಿದವರು ಬ್ರಿಟನ್ನಿನ ‘ಲೆಡ್ ಝೆಪ್ಲಿನ್’ ತಂಡದ ಜಾನ್ ಬೋನಮ್. 1980ರಲ್ಲಿ ಅವರು ತೀರಿಕೊಂಡಾಗ ಉಳಿದ ಮೂವರು ಬೇರೊಬ್ಬ ವಾದಕನನ್ನು ಕರೆತರಲಿಲ್ಲ, ತಂಡವನ್ನೇ ನಿಲ್ಲಿಸಿದರು.

1948ರ ಮೇ 31ರಂದು ಇಂಗ್ಲೆಂಡಿನ ರೆಡಿಚ್ ಪಟ್ಟಣದಲ್ಲಿ ಜನಿಸಿದ ಬೋನಮ್, ಬಾಲ್ಯದಲ್ಲಿ ಡಬ್ಬಗಳನ್ನು ಬಡಿಯುತ್ತಲೇ ಲಯ ಕಲಿತವರು. ಶಾಲೆ ಬಿಟ್ಟ ಬಳಿಕ ತಂದೆಯೊಡನೆ ಬಡಗಿ ಕೆಲಸ ಮಾಡುತ್ತ ಸ್ಥಳೀಯ ತಂಡಗಳಲ್ಲಿ ನುಡಿಸುತ್ತಿದ್ದರು. 1968ರಲ್ಲಿ ಗಿಟಾರ್ ವಾದಕ ಜಿಮ್ಮಿ ಪೇಜ್ ಹೊಸ ತಂಡ ಕಟ್ಟುವಾಗ, ಗಾಯಕ ರಾಬರ್ಟ್ ಪ್ಲಾಂಟ್ ತಮ್ಮ ಹಳೆಯ ಒಡನಾಡಿ ಬೋನಮ್ ಹೆಸರನ್ನು ಸೂಚಿಸಿದರು. ಬೇಸ್ ಗಿಟಾರ್‌ಗೆ ಜಾನ್ ಪಾಲ್ ಜೋನ್ಸ್ ಇದ್ದರು.

ಬಿರುಸಿನೊಳಗಿನ ಲೆಕ್ಕಾಚಾರ

ಬೋನಮ್ ವಾದನದ ಹಿರಿಮೆ ಕೇವಲ ಪೆಟ್ಟಿನ ಬಿರುಸಿನಲ್ಲಿರಲಿಲ್ಲ. 1969ರ ಮೊದಲ ಆಲ್ಬಮ್‌ನ ‘ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್’ ಹಾಡಿನಲ್ಲಿ ಅವರ ಬಲಗಾಲು ಒಂದೇ ಪೆಡಲ್‌ನಿಂದ ಹೊರಡಿಸಿದ ದ್ರುತಗತಿಯ ಪೆಟ್ಟುಗಳನ್ನು ಕೇಳಿದ ಅನೇಕರು, ಎರಡು ಪೆಡಲ್‌ಗಳಿವೆಯೆಂದೇ ಭಾವಿಸಿದ್ದರು. ‘ಮೋಬಿ ಡಿಕ್’ ಅವರ ತನಿ ಆವರ್ತನದಂತಿತ್ತು. ಕಛೇರಿಗಳಲ್ಲಿ ಅದನ್ನು ನುಡಿಸುವಾಗ ಕೋಲುಗಳನ್ನು ಬದಿಗಿಟ್ಟು ಬರಿಗೈಯಿಂದಲೂ ನುಡಿಸುತ್ತಿದ್ದರು.

1971ರಲ್ಲಿ ಬಿಡುಗಡೆಯಾದ ‘ವೆನ್ ದ ಲೆವಿ ಬ್ರೇಕ್ಸ್’ ಧ್ವನಿಮುದ್ರಣದ ಇತಿಹಾಸದಲ್ಲೂ ಸ್ಥಾನ ಪಡೆದಿದೆ. ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಮೆಟ್ಟಿಲುಗಳ ಬುಡದಲ್ಲಿ ಡ್ರಮ್ಸ್ ಇರಿಸಿ, ಮೇಲಿನಿಂದ ಎರಡು ಮೈಕ್‌ಗಳನ್ನು ಇಳಿಬಿಡಲಾಗಿತ್ತು. ಹತ್ತಿರದ ಮೈಕ್ ಪೆಟ್ಟನ್ನಷ್ಟೇ ಹಿಡಿದರೆ, ದೂರದ ಮೈಕ್ ಗೋಡೆಗಳ ಅನುರಣನವನ್ನೂ ಹಿಡಿಯುತ್ತದೆ. ಆ ಗಂಭೀರ ನಾದದ ರಹಸ್ಯ ಇದೇ. ಮುಂದೆ ಹಿಪ್‌ಹಾಪ್ ಕಲಾವಿದರು ಈ ತುಣುಕನ್ನು ಮತ್ತೆ ಮತ್ತೆ ಎರವಲು ಪಡೆದರು. 1986ರಲ್ಲಿ ಬೀಸ್ಟಿ ಬಾಯ್ಸ್ ತಂಡ ತನ್ನ ಆಲ್ಬಮ್‌ನ ಮೊದಲ ಹಾಡಿಗೇ ಅದನ್ನು ಬಳಸಿಕೊಂಡಿತು.

ಮದ್ಯ ಕಸಿದ ಬದುಕು

ಅಮೆರಿಕ ಪ್ರವಾಸದ ತಾಲೀಮಿಗೆಂದು 1980ರ ಸೆಪ್ಟೆಂಬರ್ 24ರಂದು ತಂಡ ಸೇರಿತ್ತು. ಅಂದು ಬೆಳಗಿನಿಂದಲೇ ಬೋನಮ್ ವೋಡ್ಕಾ ಕುಡಿಯುತ್ತಿದ್ದರು. ರಾತ್ರಿ ಪೇಜ್ ಮನೆಯಲ್ಲಿ ಮಲಗಿದವರು ಮರುದಿನ ಏಳಲಿಲ್ಲ. ನಿದ್ರೆಯಲ್ಲಿ ವಾಂತಿಯಾಗಿ ಉಸಿರು ಕಟ್ಟಿತ್ತು. ವಿಚಾರಣೆ ಇದನ್ನು ಆಕಸ್ಮಿಕ ಸಾವೆಂದು ತೀರ್ಮಾನಿಸಿತು. ಆಗ ಅವರಿಗೆ 32 ವರ್ಷ. ಅದೇ ಡಿಸೆಂಬರ್ 4ರಂದು, ತಾವು ಮೊದಲಿನಂತೆ ಮುಂದುವರಿಯಲಾರೆವೆಂದು ತಂಡ ಪ್ರಕಟಿಸಿತು.

2007ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಒಂದು ಸಂಜೆಯ ಕಛೇರಿಗಾಗಿ ಮೂವರೂ ಮತ್ತೆ ಒಂದಾದರು. ಅಂದು ಡ್ರಮ್ಸ್ ಮುಂದೆ ಕುಳಿತವರು ಬೋನಮ್ ಪುತ್ರ ಜೇಸನ್. ತಂದೆ ತೀರಿಕೊಂಡಾಗ ಅವರಿಗಿನ್ನೂ 14 ವರ್ಷ.