ಹೊಸ ಫಾದರ್‌ಗೆ ಕೆಟಿ ಕೊಡೋರು ಯಾರು?

ನಮ್ಮ ಆಫೀಸಿನಲ್ಲಿ ಯಾರಾದರೂ ಪ್ರಾಜೆಕ್ಟ್ ಬಿಟ್ಟು ಹೊರಟರೆ ಎರಡು ವಾರ ಕೆಟಿ ನಡೆಯುತ್ತೆ. ಯಾವ ಸರ್ವರ್ ಎಲ್ಲಿದೆ, ಪಾಸ್‌ವರ್ಡ್ ಯಾರ ಹತ್ತಿರ ಇದೆ, ರಾತ್ರಿ ಎರಡಕ್ಕೆ ಏನಾದರೂ ಕೈಕೊಟ್ಟರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಬರೆದು ಕೊಟ್ಟೇ ಹೋಗಬೇಕು. ನಮ್ಮ ಕಡೆಯ ಚರ್ಚಿಗೂ ಅದರ ಶಾಲೆಗೂ ಹೊಸ ಫಾದರ್ ಬಂದಾಗ ಆಗೋದೂ ಇದೇ ಕೆಲಸ. ಶಾಲು, ಹಾರ, ಹಲಗೆ ಸದ್ದಿನ ನಡುವೆ ಅದು ಯಾರ ಕಣ್ಣಿಗೂ ಬೀಳೋದಿಲ್ಲ, ಅಷ್ಟೇ.

ನಾನು ದೇವದುರ್ಗ ತಾಲ್ಲೂಕಿನವನು. ಕ್ರೈಸ್ತನಲ್ಲ, ಆದರೆ ಹತ್ತನೇ ಕ್ಲಾಸಿನವರೆಗೆ ಓದಿದ್ದು ಚರ್ಚಿನ ಶಾಲೆಯಲ್ಲಿ. ರಾಯಚೂರು ಜಿಲ್ಲೆಯಲ್ಲಿ ನನ್ನಂಥವರು ಬಹಳ ಮಂದಿ ಸಿಗ್ತಾರೆ. ಇಲ್ಲಿನ ಕಥೋಲಿಕ ಚರ್ಚುಗಳು 1949ರಲ್ಲಿ ಶುರುವಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದವು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಂತೂ ಕಥೋಲಿಕರ ಇತಿಹಾಸ ಆದಿಲ್‌ಶಾಹಿ ಕಾಲಕ್ಕೆ ಹೋಗುತ್ತೆ. ಮಾನ್ವಿಯಲ್ಲಿ ಯೇಸುಸಭೆಯ ಗುರುಗಳು ಲೊಯೋಲಾ ಶಾಲೆ, ಕಾಲೇಜು ನಡೆಸುತ್ತಿದ್ದಾರೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ನಮ್ಮ ಜಿಲ್ಲೆಯದು ಶೇ 59.56. ಇಂಥ ಊರುಗಳಲ್ಲಿ ಒಂದು ಶಾಲೆ ಯಾರ ಕೈಯಲ್ಲಿದೆ ಅನ್ನೋದು ಬರೀ ಚರ್ಚಿನ ಒಳಗಿನ ವಿಷಯ ಅಲ್ಲ.

ಈ ಸಲ ಜೂನ್‌ನಲ್ಲಿ ಊರಿಗೆ ಹೋಗಿದ್ದೆ. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ‘ಭಾನುವಾರ ಹೊಸ ಫಾದರ್ ಸ್ವಾಗತ ಐತಿ, ಎಲ್ಲರೂ ಬರ್ರಿ’ ಅಂತ ಮೆಸೇಜು. ಹೋದೆ.

ನಾವೆಲ್ಲ ಸ್ವಾಗತ ಅಂದರೆ ಮೆರವಣಿಗೆ ಅಂದುಕೊಂಡಿದ್ದೆವು. ಅಸಲಿ ಕಾರ್ಯ ನಡೆದದ್ದು ಬಲಿಪೂಜೆಯಲ್ಲಿ. ಧರ್ಮಾಧ್ಯಕ್ಷರ ಪರವಾಗಿ ಬಂದಿದ್ದ ಗುರುಗಳು ನೇಮಕದ ಪತ್ರ ಓದಿದರು. ಹೊಸಬರು ಎಲ್ಲರೆದುರು ವಿಶ್ವಾಸ ಪ್ರಮಾಣ ಹೇಳಿದರು, ಆಮೇಲೆ ದೇವಾಲಯದ ಬೀಗದ ಕೈ ಅವರ ಕೈಗೆ ಬಂತು. ಇದು ಬರೀ ಶಾಸ್ತ್ರ ಅಲ್ಲ ಅಂತ ಪಕ್ಕದಲ್ಲಿದ್ದ ನನ್ನ ಕ್ಲಾಸ್‌ಮೇಟ್ ಹೇಳಿದ. ಅವನು ಚರ್ಚಿನ ಹಣಕಾಸು ಸಮಿತಿಯಲ್ಲಿದ್ದಾನೆ. 1983ರ ಕಥೋಲಿಕ ಧರ್ಮಸಂಹಿತೆಯ 527ನೇ ನಿಯಮದಂತೆ ಹೀಗೆ ಅಧಿಕಾರ ವಹಿಸಿಕೊಂಡ ಮೇಲೇ ಆ ಗುರು ಅಲ್ಲಿನ ಕೆಲಸ ನಡೆಸಬಹುದು. ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕ ಇರಬೇಕು ಅಂತ 535, ಹಣಕಾಸು ಸಮಿತಿ ಇರಲೇಬೇಕು ಅಂತ 537. ನಮ್ಮ ಕಂಪನಿಯ ಆಡಿಟ್‌ಗಿಂತ ಕಟ್ಟುನಿಟ್ಟು!

ಆಮೇಲೆ ಶಾಲೆಯ ಅಂಗಳದಲ್ಲಿ ಭಾಷಣ, ಮಕ್ಕಳ ಡ್ಯಾನ್ಸು, ಮಂಡಾಳ ಒಗ್ಗರಣಿ, ಮಿರ್ಚಿ. ಭಾಷಣಗಳ ಬಗ್ಗೆ ಹೇಳೋಕೆ ಏನೂ ಇಲ್ಲ. ಹಿಂದಿನ ಫಾದರ್‌ನ ಹೊಗಳಿದ ಮಾತನ್ನೇ ಹೊಸಬರಿಗೂ ಹೊಗಳಿದರು.

ಎಲ್ಲ ಮುಗಿದು ಶಾಮಿಯಾನ ಬಿಚ್ಚುವಾಗ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಫಾದರ್ ಹತ್ತಿರ ಬಂದಳು. ಹುಡುಗಿ ಒಂಬತ್ತನೇ ಕ್ಲಾಸು.

“ಹಿಂದಿನ ಫಾದರ್‌ಗೆ ಗೊತ್ತಿತ್ರೀ. ಹತ್ತಿ ಮಾರಿದ ಮ್ಯಾಲೆ ಫೀಜು ಕಟ್ತಿದ್ವಿ. ಅರ್ಧ ಅವರ ಬಿಡತಿದ್ರು. ಈಗ ನಿಮಗ ಹೆಂಗ ಹೇಳಬೇಕೋ ತಿಳೀವಲ್ದು.”

ಫಾದರ್ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕಡೆ ನೋಡಿದರು. ಸಿಸ್ಟರೂ ಹೋದ ವರ್ಷವಷ್ಟೇ ಬಂದವರು. ರಿಜಿಸ್ಟರಿನಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಬರೀ ‘ಬಾಕಿ’ ಅಂತ ಇತ್ತು. ರಿಯಾಯಿತಿ ಇದ್ದದ್ದು ವರ್ಗವಾಗಿ ಹೋದವರ ತಲೆಯಲ್ಲಿ.

ಕಾನೂನು ಇಲ್ಲವಾ ಅಂತ ನೀವು ಕೇಳಬಹುದು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳಿಗೆ ಶೇ 25 ಸೀಟಿನ ನಿಯಮ ಇದೆ, ನಿಜ. ಆದರೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2025ರಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಆ ತೀರ್ಪು ಸರಿಯೇ ಎಂದು ಅನುಮಾನಪಟ್ಟು, ದೊಡ್ಡ ಪೀಠ ನೋಡಲಿ ಎಂದಿದೆ. ಅದೇನಿದ್ದರೂ ಕಾಯ್ದೆ ಇರೋದು ಹದಿನಾಲ್ಕು ವರ್ಷದವರೆಗೆ, ಎಂಟನೇ ಕ್ಲಾಸಿನ ತನಕ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಆಡಳಿತ ಮಂಡಳಿಯ ಮನಸ್ಸೇ ಗತಿ. ಸರ್ಕಾರಿ ಹೈಸ್ಕೂಲಿಗೆ ಕಳಿಸಬಹುದಲ್ಲ ಅನ್ನಬಹುದು. ಅವಳ ಊರಿಂದ ಅದಕ್ಕೆ ಎರಡು ಬಸ್ಸು ಬದಲಿಸಬೇಕು. ಎರಡು ಬಸ್ಸು ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಓದು ನಿಂತ ಹಾಗೇನೇ.

ನಮ್ಮ ಭಾಗದ ಕ್ಯಾಲೆಂಡರೇ ಬೇರೆ. ಕಾಲುವೆ ನೀರು ಇರೋ ಮಾನ್ವಿ ಕಡೆ ಭತ್ತ. ನೀರು ಮುಟ್ಟದ ಹೊಲಗಳಲ್ಲಿ ಹತ್ತಿ, ತೊಗರಿ. ಹತ್ತಿ ಬಿಡಿಸೋ ಕಾಲಕ್ಕೆ ಕ್ಲಾಸಿನಲ್ಲಿ ಹುಡುಗಿಯರ ಬೆಂಚು ಖಾಲಿ. ಅದು ಮುಗಿದರೆ ಗುಳೆ. ಬೆಂಗಳೂರಿನಲ್ಲಿ ನಮ್ಮ ಆಫೀಸಿನ ಎದುರಿಗೆ ಏಳುತ್ತಿರುವ ಕಟ್ಟಡದ ತಗಡಿನ ಶೆಡ್ಡುಗಳಲ್ಲಿ ದೇವದುರ್ಗದ ಮಾತು ಕೇಳಿಸುತ್ತೆ. ಯಾವ ಮಗು ಯಾವ ತಿಂಗಳು ಶಾಲೆ ಬಿಡುತ್ತೆ, ಯಾರ ಮನೆಗೆ ಹೋಗಿ ಅಜ್ಜಿಯನ್ನು ಒಪ್ಪಿಸಿದರೆ ಉಳಿಯುತ್ತೆ ಅನ್ನೋದನ್ನ ಯಾವ ಧರ್ಮಸಂಹಿತೆಯೂ ಬರೆದಿಡು ಅಂತ ಹೇಳಿಲ್ಲ.

ನನ್ನ ಇಂಜಿನಿಯರ್ ಬುದ್ಧಿಗೆ ಮೊದಲು ಹೊಳೆದದ್ದು ಎಕ್ಸೆಲ್ ಶೀಟು. ಕ್ಲಾಸ್‌ಮೇಟ್ ತಡೆದ. “ಫೀಜು ಕಟ್ಟಲಾರದವರ ಹೆಸರು ಗ್ರೂಪಿನ್ಯಾಗ ಬಂದ್ರ ಆ ಮಕ್ಕಳ ಮರ್ಯಾದಿ ಏನಾಗತೈತಿ?” ಅಂದ. ಸರಿ ಅನ್ನಿಸಿತು. ಕೊನೆಗೆ ಕೆಟಿ ಕೊಟ್ಟದ್ದು ಶಾಲೆಯ ಅಟೆಂಡರ್. ಇಪ್ಪತ್ತು ವರ್ಷದಿಂದ ಗಂಟೆ ಹೊಡೆಯೋ ಮನುಷ್ಯ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಲೇ ಹನ್ನೊಂದು ಮನೆ ಹೇಳಿದರು. ಇವರು ದೀಪಾವಳಿಗೆ ಕಟ್ತಾರ, ಇವರು ಸಂಕ್ರಾಂತಿಗೆ, ಈ ಹುಡುಗನ ತಂದಿ ಇಲ್ಲ, ಇವನಿಂದ ಕೇಳಬ್ಯಾಡ್ರಿ. ಫಾದರ್ ಹಾರ ತೆಗೆದಿಟ್ಟು, ತಮ್ಮ ಡೈರಿ ತೆಗೆದು ಬರೆದುಕೊಂಡರು. ಫೋನಿನಲ್ಲಿ ಅಲ್ಲ, ಪೆನ್ನಿನಲ್ಲಿ.

ಆ ತಾಯಿಗೆ ಅವರು ಮಾತು ಕೊಡಲಿಲ್ಲ. “ಅಕ್ಕಾ, ಲೆಕ್ಕ ನೋಡಬೇಕು. ಸಮಿತಿಗೆ ಕೇಳಿ ಹೇಳ್ತೀನಿ. ಅಲ್ಲೀತನಕ ಹುಡುಗಿ ದಿನಾ ಬರಲಿ” ಅಂದರು. ನನಗೇನೋ ಅಲ್ಲೇ ಹೂಂ ಅನ್ನಬೇಕಿತ್ತು ಅನ್ನಿಸಿತು. ಕ್ಲಾಸ್‌ಮೇಟ್ ಒಪ್ಪಲಿಲ್ಲ. ಒಬ್ಬರೇ ಹೂಂ ಅಂದದ್ದಕ್ಕೇ ಅಲ್ಲವಾ ಇವತ್ತು ರಿಜಿಸ್ಟರಿನಲ್ಲಿ ಬಾಕಿ ಅಂತ ಇರೋದು, ಸಮಿತಿಯ ನಡಾವಳಿಯಲ್ಲಿ ಬಂದರೆ ಮುಂದಿನ ಫಾದರ್ ಬಂದರೂ ನಿಲ್ಲುತ್ತೆ ಅನ್ನೋದು ಅವನ ವಾದ.

ಸಮಿತಿ ಜುಲೈನಲ್ಲಿ ಕೂರುತ್ತಂತೆ. ಹತ್ತಿ ಬಿಡಿಸೋದು ಶುರುವಾಗೋದು ಅಕ್ಟೋಬರಿಗೆ.