ಗಣಕಯಂತ್ರದಲ್ಲಿ ನಿರ್ವಹಿಸದೆ ಉಳಿದ ಅಪವಾದ

ಗಣಕಯಂತ್ರವು ತನಗೆ ಕೊಟ್ಟ ಆದೇಶಗಳನ್ನು ಒಂದಾದ ಮೇಲೊಂದರಂತೆ ಪಾಲಿಸುತ್ತದೆ. ಈ ಆದೇಶಗಳ ಮಾಲೆಯೇ ಪ್ರೋಗ್ರಾಮ್. ನಡುವೆ ಪಾಲಿಸಲಾಗದ ಸ್ಥಿತಿಯೊಂದು ಒದಗಬಹುದು: ಸೊನ್ನೆಯಿಂದ ಭಾಗಿಸಬೇಕಾಗಿ ಬರಬಹುದು, ತೆರೆಯಬೇಕಾದ ಕಡತವೇ ಇಲ್ಲದಿರಬಹುದು. ಇಂಥ ಸ್ಥಿತಿಗೆ ‘ಎಕ್ಸೆಪ್ಷನ್’, ಅಂದರೆ ಅಪವಾದವೆಂದು ಹೆಸರು. ಆಗ ಮಾಡಬೇಕಾದುದನ್ನು ಪ್ರೋಗ್ರಾಮ್ ಬರೆದವರು ಮೊದಲೇ ಸೂಚಿಸಿದ್ದರೆ ಕೆಲಸವು ಮುಂದುವರಿಯುವುದು. ಅಪವಾದವು ತಲೆದೋರಿದ ಭಾಗದಲ್ಲಿ ಸೂಚನೆಯಿಲ್ಲದಿದ್ದರೆ ಯಂತ್ರವು ಅದನ್ನು ಆ ಭಾಗಕ್ಕೆ ಕೆಲಸ ಒಪ್ಪಿಸಿದ ಮೇಲಿನ ಭಾಗದಲ್ಲಿ ಹುಡುಕುತ್ತದೆ. ಎಲ್ಲಿಯೂ ದೊರೆಯದಿದ್ದಾಗ ಪ್ರೋಗ್ರಾಮ್ ನಿಂತುಹೋಗುತ್ತದೆ. ಇದೇ ನಿರ್ವಹಿಸದೆ ಉಳಿದ ಅಪವಾದ.

ಇದರ ಪರಿಣಾಮವು ಎಷ್ಟು ಘೋರವಾಗಬಲ್ಲದೆಂಬುದಕ್ಕೆ ಯುರೋಪಿನ ಏರಿಯಾನ್-5 ರಾಕೆಟ್ಟಿನ ಮೊದಲ ಹಾರಾಟವೇ ಸಾಕ್ಷಿ. 1996ರ ಜೂನ್ 4ರಂದು ಅದು 4 ಕ್ಲಸ್ಟರ್ ಉಪಗ್ರಹಗಳನ್ನು ಹೊತ್ತು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಮೇಲೇರಿತು. ಸುಮಾರು 40 ಸೆಕೆಂಡುಗಳಲ್ಲಿ, 3,700 ಮೀಟರುಗಳಷ್ಟು ಎತ್ತರದಲ್ಲಿ, ದಿಕ್ಕು ತಪ್ಪಿ ಸಿಡಿದು ಚೂರಾಯಿತು.

ಅದರ ದಿಕ್ಸೂಚಕ ವ್ಯವಸ್ಥೆಯ ಪ್ರೋಗ್ರಾಮನ್ನು ಹಿಂದಿನ ಏರಿಯಾನ್-4ರಿಂದ ತೆಗೆದುಕೊಳ್ಳಲಾಗಿತ್ತು. ಅದರಲ್ಲಿ ಅಡ್ಡ ವೇಗಕ್ಕೆ ಸಂಬಂಧಿಸಿದ 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಮಾರ್ಪಡಿಸಬೇಕಾಗಿತ್ತು. ಅಷ್ಟು ಜಾಗದಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 32,767. ಹೊಸ ರಾಕೆಟ್ಟಿನ ಅಡ್ಡ ವೇಗವು ಹೆಚ್ಚಾದುದರಿಂದ ಆ ಮಿತಿ ಮೀರಿತು, ಅಪವಾದವು ಉಂಟಾಯಿತು. ಅಂಥ 7 ಚರಾಂಶಗಳಲ್ಲಿ 4ಕ್ಕೆ ಮಾತ್ರ ರಕ್ಷಣೆಯಿತ್ತು. ಯಂತ್ರದ ಹೊರೆಯನ್ನು ತಗ್ಗಿಸಲೆಂದೂ, ಮಿತಿ ಮೀರಲಾರವೆಂಬ ನಂಬಿಕೆಯಿಂದಲೂ ಉಳಿದ 3ನ್ನು ಹಾಗೆಯೇ ಬಿಡಲಾಗಿತ್ತು. ಮೀಸಲು ಘಟಕದಲ್ಲಿಯೂ ಅದೇ ಪ್ರೋಗ್ರಾಮ್ ಇದ್ದುದರಿಂದ ಅದು ಕ್ಷಣಾರ್ಧಕ್ಕೆ ಮುಂಚೆಯೇ ಅದೇ ಕಾರಣದಿಂದ ನಿಂತಿತ್ತು. ಮುಖ್ಯ ಗಣಕವು ನಿಂತ ಘಟಕದ ದೋಷಸೂಚನೆಯನ್ನೇ ಹಾರಾಟದ ಅಂಕಿ-ಅಂಶವೆಂದು ಗ್ರಹಿಸಿ ರಾಕೆಟ್ಟನ್ನು ಹೊರಳಿಸಿತು. ವಿಷಾದದ ಸಂಗತಿಯೆಂದರೆ, ನೆಲ ಬಿಟ್ಟ ಮೇಲೆ ಏರಿಯಾನ್-5ಕ್ಕೆ ಆ ಗಣನೆಯ ಅಗತ್ಯವೇ ಇರಲಿಲ್ಲ.

ಗಣಿತಜ್ಞ ಜಾಕ್-ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ಸಮಿತಿಯು ಆ ವರ್ಷದ ಜುಲೈಯಲ್ಲಿಯೇ ಈ ಕಾರಣಗಳನ್ನು ಬಯಲಿಗಿಟ್ಟಿತು. ಕ್ಲಸ್ಟರ್ ಉಪಗ್ರಹಗಳ ಬದಲಿಗೆ ಸಿದ್ಧಪಡಿಸಿದ 4 ಉಪಗ್ರಹಗಳು 2000ದಲ್ಲಿ ಸೋಯುಜ್ ರಾಕೆಟ್ಟುಗಳ ಮೂಲಕ ಕಕ್ಷೆ ಸೇರಿದವು.

ಅಪವಾದವನ್ನು ಮುಚ್ಚಿಟ್ಟು ಮುಂದೆ ಸಾಗುವುದು ಪರಿಹಾರವಲ್ಲ. ಅದನ್ನು ದಾಖಲಿಸಿ, ಸಾಧ್ಯವಿದ್ದರೆ ಸರಿಪಡಿಸಿ, ಇಲ್ಲವಾದರೆ ಕಾರ್ಯವನ್ನು ಸುರಕ್ಷಿತ ಸ್ಥಿತಿಗೆ ತರಬೇಕು. ಗಣಕವನ್ನು ಬೋಧಿಸುವ ಉಪಾಧ್ಯಾಯರು ಸರಿಯಾದ ಉತ್ತರ ಬಂದೊಡನೆ ತೃಪ್ತರಾಗದೆ, ಕೊಟ್ಟ ಸಂಖ್ಯೆ ಮಿತಿ ಮೀರಿದರೆ ಏನಾಗುವುದೆಂದು ಪ್ರತಿ ವಿದ್ಯಾರ್ಥಿಯನ್ನೂ ಕೇಳುವುದು ಒಳ್ಳೆಯದು. ಆ ಪ್ರಶ್ನೆಯನ್ನು ಯಾರೂ ಹೊಸ ರಾಕೆಟ್ಟಿನ ಅಂಕಿಗಳನ್ನು ಮುಂದಿಟ್ಟುಕೊಂಡು ಕೇಳದೆ ಹೋದುದೇ ಅಂದಿನ ಅನಾಹುತಕ್ಕೆ ಮೂಲವಾಯಿತು.