ಬೇರೂರಿದ ಅರೆತಲೆನೋವು

ತಿಂಗಳಲ್ಲಿ 15 ದಿನಗಳಿಗೆ ಕಡಿಮೆಯಿಲ್ಲದಂತೆ, 3 ತಿಂಗಳಿಗೂ ಮೀರಿ ತಲೆನೋವು ಕಾಡಿ, ಅವುಗಳಲ್ಲಿ 8 ದಿನಗಳಾದರೂ ಅರೆತಲೆನೋವಿನ ಲಕ್ಷಣ ತೋರಿದಲ್ಲಿ ವೈದ್ಯರು ಅದನ್ನು ದೀರ್ಘಕಾಲಿಕ ಮೈಗ್ರೇನ್ ಎನ್ನುವರು. ಬೆಳಕನ್ನು ಸಹಿಸಲಾರದೆ ಕಿಟಕಿ ಮುಚ್ಚಿ, ಒಗ್ಗರಣೆಯ ವಾಸನೆಗೂ ಓಕರಿಸುತ್ತ ಮಲಗಿದವರು ಕೈಗೆ ಸಿಕ್ಕ ಗುಳಿಗೆ ನುಂಗುವುದು ಸಹಜವೇ. ಆದರೆ ನೋವುನಿವಾರಕಗಳ ಅತಿಸೇವನೆಯೇ ನೋವನ್ನು ಮತ್ತಷ್ಟು ಬೇರೂರಿಸುವುದೆಂಬುದನ್ನು ಎಲ್ಲರೂ ಅರಿಯಬೇಕು. ನೋವು ಬಂದ ದಿನ, ನುಂಗಿದ ಗುಳಿಗೆ, ನಿದ್ರೆ, ಮುಟ್ಟು ಇವನ್ನೆಲ್ಲ ಗುರುತಿಟ್ಟ ಪುಸ್ತಕವನ್ನು ನರರೋಗತಜ್ಞರ ಮುಂದಿಡುವುದು ಅತ್ಯುಪಯುಕ್ತ. ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್ ಮೊದಲಾದ, ನೋವು ಬಾರದಂತೆ ನಿತ್ಯವೂ ಸೇವಿಸುವ ಔಷಧಗಳ ಫಲ ತಿಳಿಯಲು 2–3 ತಿಂಗಳು ಬೇಕಾದೀತು. ವಾರದೊಳಗೆ ನಿರಾಶರಾಗಿ ಬಿಟ್ಟುಬಿಡುವುದು ತರವಲ್ಲ. ಅವು ಫಲಿಸದವರಿಗೆ, 2010ರಲ್ಲಿ ಅಮೆರಿಕದ ಅನುಮತಿ ಪಡೆದ, 12 ವಾರಗಳಿಗೊಮ್ಮೆ ಕೊಡುವ ಬೊಟಾಕ್ಸ್ ಚುಚ್ಚುಮದ್ದೂ, 2018ರಿಂದೀಚೆಗೆ ಬಂದ, ಅರೆತಲೆನೋವಿನಲ್ಲಿ ಪಾತ್ರವಹಿಸುವ ಸಿಜಿಆರ್‌ಪಿ ಎಂಬ ಪ್ರೋಟೀನಿನ ಕೆಲಸವನ್ನು ತಡೆಯುವ ಪ್ರತಿಕಾಯಗಳೂ ಉಂಟು.